ದೋಣಿ ಫ್ಯಾನಿನ ಪಿಚ್: ಹತ್ತೂವರೆಯಿಂದ ಎಂಟಕ್ಕೆ ಇಳಿದ ಕಥೆ

ಈ ಸಲ ತೋಟದ ವಿಷಯ ಅಲ್ಲ, ದೋಣಿ ವಿಷಯ. ಆದ್ರೆ ಶುರುವಾಗಿದ್ದು ಕೊಳೆ ಔಷಧಿಯಿಂದಲೇ, ಹಾಗಾಗಿ ಇಲ್ಲೇ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ. ದೋಣಿ ಇಟ್ಟವರು ಪೂರ್ತಿ ಓದಿ, ಇಲ್ಲದವರು ಮೊದಲರ್ಧ ಓದಿದ್ರೆ ಸಾಕು.

2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಪೇಟೆಯಲ್ಲಿ ಸಿಕ್ಕವರೆಲ್ಲ "ಇನ್ನೆಂತ, ನಿಮ್ಗೆ ದೋಣಿ ಬೇಡ ಅಲ್ದಾ?" ಅಂತ ಕೇಳ್ತಾರೆ. ಸೇತುವೆ ಇರೋದು ಒಂದು ಕಡೆ, ಹಿನ್ನೀರಿನ ಕೈಗಳು ಇರೋದು ಹತ್ತಾರು ಕಡೆ. ನಮ್ಮನೆ ದಡದಿಂದ ಆಚೆ ದಡಕ್ಕೆ ನೀರಿನ ಮೇಲೆ ಮೂರೂವರೆ ಕಿಲೋಮೀಟರ್. ರಸ್ತೆಯಲ್ಲಿ ಸುತ್ತಿ ಹೋದ್ರೆ ಅರ್ಧ ದಿನ ಅಲ್ಲಿಗೇ ಮುಗೀತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗಿಂದ ನಮ್ಮ ಕಡೆಯವರ ಬದುಕು ದೋಣಿ ಜೊತೆಗೇ. ಅಪ್ಪಯ್ಯ ಹುಟ್ಟು ಹಾಕಿಯೇ ದಾಟ್ತಿದ್ರು. ನಾನು ಮೋಟರು ಹಾಕಿಸ್ದೆ.

ನನ್ನದು ಹದಿನಾರು ಅಡಿ ಫೈಬರ್ ದೋಣಿ. ಅದಕ್ಕೆ 9.9 ಎಚ್‌ಪಿ ಔಟ್‌ಬೋರ್ಡ್, ಟೂ ಸ್ಟ್ರೋಕ್, ಎರಡು ಸಿಲಿಂಡರ್. ಹೊನ್ನಾವರ ಕಡೆಯ ಒಬ್ಬ ಮೀನುಗಾರರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಫೆಬ್ರವರಿಯಲ್ಲಿ ತಂದೆ. ಮೇ ಮುಗಿಯೋವರೆಗೂ ನಾನು, ಮಗ, ಒಂದೆರಡು ಕೈಚೀಲ, ಇಷ್ಟೇ ಓಡಾಟ. ಏನ್ ಓಟ ಅಂತೀರಿ! ಮುಂಭಾಗ ನೀರಿಂದ ಎದ್ದು ಮೇಲೆ ಜಾರಿಕೊಂಡು ಹೋಗೋದು. ಹತ್ತು ನಿಮಿಷದೊಳಗೆ ಆಚೆ ದಡ. ಮನೆಗೆ ಬಂದವರಿಗೆಲ್ಲ ಒಂದು ರೌಂಡು ಹೊಡೆಸಿ ತೋರಿಸಿದ್ದೇನೆ. ನಿಮ್ಮಲ್ಲಿ ಕೆಲವರು ಕೂತಿದ್ದೀರಿ ಕೂಡ.

ಆಮೇಲೆ ಜುಲೈ ಬಂತು.

ಎರಡನೇ ಔಷಧಿ ಹೊಡೆಯೋ ಹೊತ್ತು. ಮಳೆ ಹೊಳವು ಕೊಡ್ತಾ ಇಲ್ಲ, ಕೆಳಗಿನ ತೋಟದಲ್ಲಿ ಕೊಳೆ ಕಾಣಿಸಿಕೊಂಡಾಗಿದೆ. ಕೊನೆಗೌಡರು ಸಿಗೋದೇ ಕಷ್ಟ. ಅವತ್ತು ಮಧ್ಯಾಹ್ನ ಮೂರು ಜನ ಬರ್ತೀವಿ ಅಂದ್ರು. ಮಳೆಯೂ ಸ್ವಲ್ಪ ಬಿಟ್ಟಿತ್ತು. ಸರಿ, ಒಂದೇ ಟ್ರಿಪ್ಪಿನಲ್ಲಿ ಎಲ್ಲ ತಂದುಬಿಡೋಣ ಅಂತ ಹೊರಟೆ. ದೋಣಿಯಲ್ಲಿ ನಾನು, ನಮ್ಮ ಭಾವ, ಮೂರು ಕೊನೆಗೌಡರು. ಒಂದು ಚೀಲ ಮೈಲುತುತ್ತ, ಎರಡು ಚೀಲ ಅರಳಿಸದ ಚಿಪ್ಪು ಸುಣ್ಣ, ಪಂಪು, ಪೈಪಿನ ಸುರುಳಿ, ಹಿಂಡಿ ಒಂದು ಚೀಲ. ಆಮೇಲೆ ಕೂತು ಲೆಕ್ಕ ಹಾಕಿದಾಗ ಜನ, ಸಾಮಾನು ಸೇರಿ 550 ಕೆಜಿ ಹತ್ತಿರ ಬಂತು. ದೋಣಿ ಮುಳುಗೋವಷ್ಟು ಭಾರ ಅಲ್ಲ. ಆದ್ರೆ ದಡ ಬಿಡುವಾಗಲೇ ಮೋಟರಿನ ದನಿ ಬೇರೆ ಇತ್ತು. ಗಂಟಲು ಕಟ್ಟಿದ ಹಾಗೆ. ಕೈಹಿಡಿ ಪೂರ್ತಿ ತಿರುಗಿಸಿದ್ರೂ "ಗೊರ್‌ರ್" ಅನ್ನೋದೇ ಹೊರತು ಏರ್ತಾ ಇಲ್ಲ. ಹಿಂದೆ ಹೊಗೆ. "ಭಾರ ಅಲ್ವಾ, ಅದಕ್ಕೇ ಇರಬೇಕು" ಅಂದ್ಕೊಂಡೆ.

ನಡುನೀರಿಗೆ ಬರೋ ಹೊತ್ತಿಗೆ ಪಡುವಣ ಗಾಳಿ ಎದುರಿಂದ ಎದ್ದಿತು. ಅಲೆ ಮುಂಭಾಗಕ್ಕೆ ಬಡಿದು ನೀರು ಒಳಗೆ ಹಾರ್ತಾ ಇದೆ. ದೋಣಿ ಮುಂದೆ ಹೋಗ್ತಿದೆಯೋ ನಿಂತಿದೆಯೋ ಅಂತ ದಡದ ಮರ ನೋಡಿ ಗುರುತು ಹಿಡೀಬೇಕು, ಅಂಥ ಸ್ಥಿತಿ. ಫುಲ್ ಥ್ರಾಟಲ್‌ನಲ್ಲೇ ಹತ್ತು ಹನ್ನೆರಡು ನಿಮಿಷ ಎಳೆಸಿದೆ. ಆಮೇಲೆ ಮೋಟರು ಬಿಗಿದ ಹಾಗಾಗಿ ನಿಂತೇ ಹೋಯ್ತು. ಮುಚ್ಚಳ ಮುಟ್ಟಿದ್ರೆ ಕೈ ಸುಡ್ತು.

ನಮ್ಮ ಹಿನ್ನೀರು ಗೊತ್ತಲ್ಲ. ಜುಲೈ ಕೊನೆಗೆ ನೀರು ಏರ್ತಾ ಇರುತ್ತೆ, ಬೇಸಿಗೆಯಲ್ಲಿ ಕಾಣೋ ಮರದ ಬೊಡ್ಡೆಗಳೆಲ್ಲ ನೀರಿನ ಒಂದಡಿ, ಎರಡಡಿ ಕೆಳಗೆ ಅಡಗಿ ಕೂತಿರ್ತವೆ. ಗಾಳಿ ನಮ್ಮನ್ನ ಆ ಕಡೆಗೇ ತಳ್ತಾ ಇತ್ತು. ಕೊನೆಗೌಡರಲ್ಲಿ ಒಬ್ಬರಿಗೆ ಈಜು ಬರಲ್ಲ. ಲೈಫ್ ಜಾಕೆಟ್ ಇದ್ದದ್ದು ಎರಡೇ. ಒಂದನ್ನ ಅವರಿಗೆ ಹಾಕಿಸಿದ್ವಿ. ಇನ್ನೊಂದು ಹೆದರಿಕೆ ಸುಣ್ಣದ್ದು. ಅರಳಿಸದ ಸುಣ್ಣಕ್ಕೆ ನೀರು ಬಿದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಡ್ರಮ್ಮಿನಲ್ಲಿ ಕೊತಕೊತ ಕುದಿಯೋದು ನೋಡಿಯೇ ಔಷಧಿ ಕಲಸೋರು ನಾವು. ದೋಣಿ ತಳದಲ್ಲಿ ನೀರು ಸೇರ್ತಾ ಇದೆ, ಚೀಲದ ಬುಡ ನೆನೆಯೋಕೆ ಶುರುವಾಗಿದೆ. ಭಾವ ಬಾಯಲ್ಲಿ ಒಂದು ಮಾತೂ ಆಡದೆ ಎರಡೂ ಚೀಲ ಎತ್ತಿ ಮುಂದಿನ ಹಲಗೆ ಮೇಲೆ ಇಟ್ಟು, ಮೇಲೆ ತಾಡಪಾಲು ಹೊದೆಸಿ, ನೀರು ಮೊಗೆಯೋಕೆ ಕೂತ್ರು. ನಾನು ಮತ್ತೊಬ್ಬರು ಹುಟ್ಟು ಹಾಕಿದ್ವಿ. ಕಾಲು ಗಂಟೆ ಕಳೆದ ಮೇಲೆ ಮೋಟರು ತಣ್ಣಗಾಗಿ ಮತ್ತೆ ಸ್ಟಾರ್ಟ್ ಆಯ್ತು. ಅರ್ಧ ಥ್ರಾಟಲ್‌ನಲ್ಲಿ, ಗಾಳಿಗೆ ಓರೆಯಾಗಿ, ಹೇಗೋ ದಡ ಹತ್ತಿದ್ವಿ.

ಈಜು ಬಾರದವರು ದಡಕ್ಕೆ ಕಾಲಿಟ್ಟು ಹೇಳಿದ್ದು ಒಂದೇ ಮಾತು: "ಸಂಜಿಗೆ ನಾನು ರಸ್ತೆ ಮೇಲೇ ಹೋಗ್ತೆ, ಎಷ್ಟೇ ಹೊತ್ತಾಗ್ಲಿ." ಮಾರನೇ ದಿನ ಅವರು ಬರಲಿಲ್ಲ. ಇಬ್ಬರೇ ಮುಗಿಸೋ ಹೊತ್ತಿಗೆ ಎರಡು ದಿನ ತಡ ಆಯ್ತು. ಕೆಳಗಿನ ತೋಟದಲ್ಲಿ ಉದುರಿದ್ದು ಉದುರಿತು. ಅದನ್ನ ಲೆಕ್ಕ ಹಾಕೋಕೆ ಹೋಗಲ್ಲ.

ಪೇಟೆಯ ಮೆಕ್ಯಾನಿಕ್ ಹತ್ರ ಮೋಟರು ಹೊತ್ತುಕೊಂಡು ಹೋದೆ. ನೀರಿನ ಪಂಪಿನ ಇಂಪೆಲರ್ ಸರಿ ಇತ್ತು, ಕಂಪ್ರೆಶನ್ ಎರಡೂ ಸಿಲಿಂಡರಿನಲ್ಲಿ ಚೆನ್ನಾಗೇ ಇತ್ತು. ಪ್ಲಗ್ಗು ಮಾತ್ರ ಕರ್ರಗೆ ಮಸಿ ಹಿಡಿದಿತ್ತು. ಅವರು ಹೇಳಿದ್ದು: "ಸರ್, ಮಿಷನ್ನಿಗೇನೂ ಆಗಿಲ್ಲ. ನಿಮ್ಮ ಲೋಡಿಗೆ ಇದು ಸಾಕಾಗಲ್ಲ ಅಷ್ಟೇ. ಹದಿನೈದು ಎಚ್‌ಪಿ ತಗೊಂಡುಬಿಡಿ, ಇದನ್ನ ನಾನು ಎಕ್ಸ್‌ಚೇಂಜ್ ಮಾಡ್ಕೊಡ್ತೇನೆ." ನಾನೂ ಹೂಂ ಅಂದೆ. ಸೊಸೈಟಿಯಲ್ಲಿ ಸಾಲ ಎಷ್ಟು ಸಿಗಬಹುದು ಅಂತಾನೂ ವಿಚಾರಿಸಿಯಾಗಿತ್ತು.

ಅದಕ್ಕೆ ಮೊದಲು ಒಂದು ಸಲ ಮೋಟರು ಕೊಟ್ಟ ಮೀನುಗಾರರಿಗೆ ಫೋನ್ ಮಾಡೋಣ ಅನ್ನಿಸ್ತು. ಸ್ವಲ್ಪ ಸಿಟ್ಟಿನಲ್ಲೇ ಮಾಡಿದ್ದು, ಸುಳ್ಳು ಯಾಕೆ ಹೇಳಲಿ. ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದ್ರು: "ಎಂತ ಮಾರಾಯ್ರೆ, ಫ್ಯಾನು ಅದೇ ಇಟ್ಕೊಂಡಿದ್ರಾ? ಆ ಫ್ಯಾನು ನಾನು ಬರೀ ದೋಣಿ ಓಡ್ಸುಕೆ ಹಾಕಿದ್ದು. ಭಾರಕ್ಕೆ ಅದಲ್ಲ. ಅದ್ರ ಮೇಲೆ ಬರ್ದದ್ದು ಓದಿ ಹೇಳಿ, ಕಾಂಬ."

ಹೋಗಿ ನೋಡಿದೆ. ಫ್ಯಾನಿನ ನಡುವಿನ ಗುಂಬದ ಮೇಲೆ ಅಚ್ಚೊತ್ತಿದ ಅಂಕಿ: 9¼ x 10½. ಆರು ತಿಂಗಳು ಮೋಟರು ಓಡಿಸಿ ಅಲ್ಲೊಂದು ಅಂಕಿ ಇದೆ ಅನ್ನೋದನ್ನೇ ನೋಡಿರಲಿಲ್ಲ.

ಈಗ ವಿಷಯಕ್ಕೆ ಬರ್ತೇನೆ.

ಮೊದಲನೇ ಅಂಕಿ ಫ್ಯಾನಿನ ಅಗಲ, ಅಂದ್ರೆ ಎಲೆಗಳ ತುದಿ ಸುತ್ತುವ ವೃತ್ತದ ವ್ಯಾಸ, ಇಂಚಿನಲ್ಲಿ. ಎರಡನೇ ಅಂಕಿ ಪಿಚ್. ಪಿಚ್ ಅಂದ್ರೆ ಏನು? ಮರಕ್ಕೆ ಸ್ಕ್ರೂ ತಿರುಗಿಸುವಾಗ ಒಂದು ಸುತ್ತಿಗೆ ಅದು ಎಷ್ಟು ಒಳಗೆ ಹೋಗುತ್ತೋ ಅದೇ. ನೀರು ಮರದ ಹಾಗೆ ಗಟ್ಟಿ ಇದ್ದಿದ್ರೆ ನನ್ನ ಫ್ಯಾನು ಒಂದು ಸುತ್ತಿಗೆ ದೋಣಿಯನ್ನ ಹತ್ತೂವರೆ ಇಂಚು ಮುಂದೆ ತಳ್ಳಬೇಕು. ನೀರು ಗಟ್ಟಿ ಅಲ್ಲ, ಜಾರುತ್ತೆ. ಅದಕ್ಕೆ ಸ್ಲಿಪ್ ಅಂತಾರೆ. ಹಗುರ ದೋಣಿಯಲ್ಲಿ ಸ್ಲಿಪ್ ಕಮ್ಮಿ, ಭಾರದ ದೋಣಿಯಲ್ಲಿ ಬಹಳ.

ನಮಗೆ ಅರ್ಥ ಆಗೋ ಭಾಷೆಯಲ್ಲಿ ಹೇಳೋದಾದ್ರೆ ಪಿಚ್ ಅಂದ್ರೆ ಗೇರು. ಔಟ್‌ಬೋರ್ಡಿನಲ್ಲಿ ಮುಂದೆ, ನ್ಯೂಟ್ರಲ್, ಹಿಂದೆ ಅಷ್ಟೇ ಇರೋದು. ಫಸ್ಟು ಸೆಕೆಂಡು ಅಂತ ಬದಲಾಯಿಸೋ ಹಾಗಿಲ್ಲ. ಯಾವ ಗೇರಿನಲ್ಲಿ ಓಡ್ತೀರಿ ಅನ್ನೋದು ಫ್ಯಾನು ಹಾಕಿದ ದಿನವೇ ತೀರ್ಮಾನ ಆಗಿಬಿಡುತ್ತೆ. ಪಿಚ್ ಜಾಸ್ತಿ ಅಂದ್ರೆ ಟಾಪ್ ಗೇರು, ಕಮ್ಮಿ ಅಂದ್ರೆ ಲೋ ಗೇರು. ಟ್ರೈಲರ್ ತುಂಬ ಗೊಬ್ಬರ ತುಂಬಿ ಟ್ರ್ಯಾಕ್ಟರನ್ನ ಟಾಪ್ ಗೇರಿನಲ್ಲಿ ಏರು ಹತ್ತಿಸಿ ನೋಡಿ, ಏನಾಗುತ್ತೆ? ನಾನು ಜುಲೈಯಲ್ಲಿ ಮಾಡಿದ್ದು ಅದನ್ನೇ. ಅದೂ ಎದುರುಗಾಳಿಯಲ್ಲಿ.

ಟಾಪ್ ಗೇರಿನಲ್ಲಿ ಎಳೆಸಿದ್ರೆ ಬರೀ ಓಟ ಕಮ್ಮಿ ಆಗೋದಲ್ಲ. ಥ್ರಾಟಲ್ ಪೂರ್ತಿ ತೆರೆದಿದೆ, ಪೆಟ್ರೋಲು ಪೂರ್ತಿ ಹೋಗ್ತಿದೆ, ಆದ್ರೆ ಇಂಜಿನ್ ಸುತ್ತೋದು ನಿಧಾನ. ಒಳಗೆ ಒತ್ತಡ, ಶಾಖ ಏರುತ್ತೆ. ಮಸಿ ಕಟ್ಟುತ್ತೆ. ನೀರಿನ ಪಂಪು ಸುತ್ತೋದೂ ಇಂಜಿನ್ನಿನ ಜೊತೆಗೇ, ಹಾಗಾಗಿ ತಣ್ಣಗೆ ಮಾಡೋ ನೀರೂ ಕಮ್ಮಿ. ಹೀಗೇ ಓಡಿಸ್ತಾ ಹೋದ್ರೆ ಒಂದು ದಿನ ರಿಂಗ್ ಹಿಡ್ಕೊಂಡು ಪಿಸ್ಟನ್ ಹೋಗುತ್ತೆ. ನನ್ನದು ಬಚಾವಾಗಿದ್ದು ಅದೃಷ್ಟ.

ಹಾಗಾದ್ರೆ ಪಿಚ್ ಸರಿ ಇದೆಯೋ ಇಲ್ಲವೋ ಅಂತ ಗೊತ್ತಾಗೋದು ಹೇಗೆ? ದಾರಿ ಒಂದೇ. ಪ್ರತಿ ಮೋಟರಿಗೂ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬರಬೇಕು ಅಂತ ಕಂಪನಿ ಪುಸ್ತಕದಲ್ಲಿ ಬರೆದಿರುತ್ತೆ. ನನ್ನದಕ್ಕೆ 4500ರಿಂದ 5500. ನೀವು ದಿನಾ ಹೇರೋ ಭಾರ ಹೇರಿ, ಫುಲ್ ಥ್ರಾಟಲ್ ಕೊಟ್ಟಾಗ ಆ ಎರಡು ಅಂಕಿಯ ಒಳಗೆ ಇಂಜಿನ್ ಬರಬೇಕು. ಕೆಳಗೇ ಉಳಿದ್ರೆ ಪಿಚ್ ಜಾಸ್ತಿ. ಮೇಲೆ ಹೋದ್ರೆ ಪಿಚ್ ಕಮ್ಮಿ. ಇಷ್ಟೇ. ಕಿವಿಯಿಂದ ಗೊತ್ತಾಗುತ್ತೆ ಅನ್ನೋರನ್ನ ನಂಬಬೇಡಿ. ನಾನೂ ಹಾಗೇ ಅನ್ನೋನಾಗಿದ್ದೆ.

ಆರ್‌ಪಿಎಂ ಅಳೆಯೋಕೆ ಪ್ಲಗ್ ವೈರಿಗೆ ಸುತ್ತೋ ಸಣ್ಣ ಮೀಟರು ಸಿಗುತ್ತೆ. ಸಾವಿರ ರೂಪಾಯಿ ಒಳಗೇ ಬಂತು. ತಂದು ಸುತ್ತಿ ಓಡಿಸಿದ್ರೆ 7800 ಅಂತ ತೋರಿಸ್ತು! ಮಗ "ಅಪ್ಪ, ಇದು ವಿಮಾನದ ಇಂಜಿನ್ನು" ಅಂದ. ಆಮೇಲೆ ಚೀಟಿ ಓದಿದ್ವಿ. ಮೀಟರು ಫೋರ್ ಸ್ಟ್ರೋಕಿನ ಸೆಟ್ಟಿಂಗಿನಲ್ಲಿತ್ತು, ಎರಡು ಸುತ್ತಿಗೆ ಒಂದು ಕಿಡಿ ಅಂತ ಲೆಕ್ಕ ಹಾಕ್ತಿತ್ತು. ನನ್ನ ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಕಿಡಿ. ಹಾಗಾಗಿ ಎರಡರಷ್ಟು ತೋರಿಸಿತ್ತು. ಅಂದ್ರೆ ನಿಜವಾದ ಅಂಕಿ 3900. 4500ಕ್ಕೆ 600 ಕಮ್ಮಿ. ಮೋಟರು ಸಾಯ್ತಿದ್ದದ್ದು ಯಾಕೆ ಅಂತ ಅಲ್ಲೇ ಗೊತ್ತಾಯ್ತು.

ಇನ್ನೊಂದು ವಿಷಯ ನನಗೆ ಮೊದಲು ಹೊಳೆದಿರಲಿಲ್ಲ. ಕರಾವಳಿಯಲ್ಲಿ ಮೋಟರು ಓಡೋದು ಸಮುದ್ರ ಮಟ್ಟದಲ್ಲಿ. ನಮ್ಮ ಹಿನ್ನೀರು ತುಂಬಿದಾಗ 1819 ಅಡಿ. ಈ ಅಂಕಿ ನಮಗೆಲ್ಲ ಬಾಯಿಪಾಠ, ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಬರುತ್ತೆ. ಆದ್ರೆ ಅದು ಇಂಜಿನ್ನಿಗೂ ಸಂಬಂಧಪಟ್ಟ ಅಂಕಿ. ಮೇಲೆ ಹೋದಷ್ಟೂ ಗಾಳಿ ತೆಳು, ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಮ್ಮಿ ಆಗುತ್ತೆ. ಘಟ್ಟ ಹತ್ತಿ ಬಂದ ಮೋಟರು ಇಲ್ಲಿ ನೂರಕ್ಕೆ ಐದರಷ್ಟು ಸೊರಗಿಯೇ ಇರುತ್ತೆ. ದೊಡ್ಡದಲ್ಲ, ಆದ್ರೆ ಮೊದಲೇ ಪಿಚ್ ಜಾಸ್ತಿ ಇದ್ರೆ ಅದೂ ಸೇರಿಕೊಳ್ಳುತ್ತೆ. ಕೆಳಗಿನವರಿಗೆ ಸರಿ ಹೋದ ಫ್ಯಾನು ನಮಗೂ ಸರಿ ಅಂತ ಹೇಳೋಕಾಗಲ್ಲ.

ಮೀನುಗಾರರು ಉಪಕಾರ ಮಾಡಿದ್ರು. ತಮ್ಮ ಹತ್ರ ಇದ್ದ ಹಳೇ ಒಂಬತ್ತು ಇಂಚಿನ ಪಿಚ್ಚಿನದ್ದನ್ನ ನೋಡೋಕೆ ಕೊಟ್ರು, ಎಂಟು ಇಂಚಿನದ್ದು ಹೊಸದು ತರಿಸಿದೆ. ವ್ಯಾಸ ಮೂರಕ್ಕೂ ಅದೇ 9¼. ಒಂದು ಭಾನುವಾರ ಗಾಳಿ ಇಲ್ಲದ ಬೆಳಿಗ್ಗೆ ಭಾವ, ಮಗ, ಪಕ್ಕದ ಮನೆ ಹುಡುಗರಿಬ್ಬರು, ನಾಲ್ಕು ಚೀಲ ಮರಳು, ಒಟ್ಟು ಅದೇ 550 ಕೆಜಿ ಮಾಡಿಕೊಂಡು ಮೂರೂ ಫ್ಯಾನು ಹಾಕಿ ನೋಡಿದ್ವಿ. ಓಟ ಅಳೆದದ್ದು ಮೊಬೈಲ್ ಜಿಪಿಎಸ್‌ನಲ್ಲಿ, ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ಎರಡರ ಸರಾಸರಿ. ನೋಟ್‌ಬುಕ್ಕಿನಲ್ಲಿ ಬರೆದಿದ್ದು ಹೀಗಿದೆ, ಎಲ್ಲ ಫುಲ್ ಥ್ರಾಟಲ್‌ನಲ್ಲಿ:

ಪಿಚ್ 10½: ಭಾರ ಹೇರಿದಾಗ 3900 ಆರ್‌ಪಿಎಂ, ಗಂಟೆಗೆ 9 ಕಿ.ಮೀ. ನಾನೊಬ್ಬನೇ ಇದ್ದಾಗ 4950, ಗಂಟೆಗೆ 24 ಕಿ.ಮೀ.

ಪಿಚ್ 9: ಭಾರಕ್ಕೆ 4350, 10 ಕಿ.ಮೀ. ಒಬ್ಬನೇ ಇದ್ದಾಗ 5350, 23 ಕಿ.ಮೀ.

ಪಿಚ್ 8: ಭಾರಕ್ಕೆ 4650, ಹತ್ತೂವರೆ ಕಿ.ಮೀ. ಒಬ್ಬನೇ ಇದ್ದಾಗ 5600, 22 ಕಿ.ಮೀ.

ಈ ಅಂಕಿಗಳನ್ನ ಸ್ವಲ್ಪ ನಿಧಾನ ನೋಡಿ. ನಾನೂ ಅವತ್ತು ರಾತ್ರಿ ಬಹಳ ಹೊತ್ತು ನೋಡಿದ್ದೆ.

ಒಂದು, ಹತ್ತೂವರೆ ಪಿಚ್ ತಪ್ಪು ಫ್ಯಾನಲ್ಲ. ಒಬ್ಬನೇ ಇದ್ದಾಗ 4950 ಬರ್ತಿತ್ತು, ಪುಸ್ತಕದ ಪ್ರಕಾರ ಸರಿಯೇ. ಆ ಮೀನುಗಾರರ ಕೆಲಸಕ್ಕೆ ಅದು ಸರಿ ಇತ್ತು. ಫೆಬ್ರವರಿಯಿಂದ ಮೇವರೆಗೆ ನನಗೂ ಸರಿ ಇತ್ತು. ನಾನು ಖುಷಿಪಟ್ಟಿದ್ದು ಬರೀ ದೋಣಿಯ ಓಟಕ್ಕೆ. ನನ್ನ ಕೆಲಸ ಭಾರದ್ದು ಅನ್ನೋದು ಜುಲೈಯಲ್ಲಿ ಗೊತ್ತಾಯ್ತು.

ಎರಡು, ಭಾರ ಹೇರಿದಾಗ ಪಿಚ್ ಎರಡೂವರೆ ಇಂಚು ಇಳಿಸಿದ್ರೂ ಓಟ ಜಾಸ್ತಿ ಆಗಿದ್ದು ಒಂದೂವರೆ ಕಿಲೋಮೀಟರ್ ಅಷ್ಟೇ. ಬಹಳ ಆಸೆ ಇಟ್ಕೊಂಡವರಿಗೆ ಬೇಜಾರಾಗಬಹುದು. ಕಾರಣ ಏನಂದ್ರೆ ಭಾರದ ದೋಣಿ ನೀರಿನ ಮೇಲೆ ಏಳೋದಿಲ್ಲ, ನೀರನ್ನ ಸೀಳಿಕೊಂಡೇ ಹೋಗಬೇಕು. ತನ್ನದೇ ಅಲೆಯ ಗುಂಡಿಯಲ್ಲಿ ಕೂತಿರುತ್ತೆ. ಹದಿನಾರು ಅಡಿ ದೋಣಿಗೆ ಗಂಟೆಗೆ ಒಂಬತ್ತು, ಹತ್ತು ಕಿಲೋಮೀಟರ್ ದಾಟಿದ ಮೇಲೆ ಎಷ್ಟು ಶಕ್ತಿ ಸುರಿದ್ರೂ ಬರೀ ಅಲೆ ಎಬ್ಬಿಸೋಕೆ ಹೋಗುತ್ತೆ. ಹದಿನೈದು ಎಚ್‌ಪಿ ತಂದಿದ್ರೂ ಈ 550 ಕೆಜಿಗೆ ಓಟ ದೊಡ್ಡದಾಗಿ ಬದಲಾಗ್ತಿರಲಿಲ್ಲ ಅನ್ನೋದು ನನ್ನ ಅಂದಾಜು. ಅದೂ ತಪ್ಪು ಪಿಚ್ಚಿನ ಫ್ಯಾನು ಹಾಕ್ಕೊಂಡು ಬಂದಿದ್ರೆ ಇದೇ ಕಥೆ, ಸಾಲ ಮಾತ್ರ ಹೆಚ್ಚು.

ಮೂರು, ನಿಜವಾದ ಲಾಭ ಓಟದ್ದಲ್ಲ, ಎಳೆತದ್ದು. ಎಂಟು ಪಿಚ್ ಹಾಕಿದ ಮೇಲೆ ದಡ ಬಿಡುವಾಗಲೇ ಗೊತ್ತಾಗುತ್ತೆ, ಹಿಂದಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ. ಎದುರುಗಾಳಿಯಲ್ಲಿ ಅಲೆ ಬಡಿದ್ರೂ ಇಂಜಿನ್ ದನಿ ಕುಗ್ಗಲ್ಲ. ಮುಕ್ಕಾಲು ಥ್ರಾಟಲ್‌ನಲ್ಲೇ ಹಿಂದಿನ ಒಂಬತ್ತು ಕಿಲೋಮೀಟರ್ ಬರುತ್ತೆ, ಹಾಗಾಗಿ ಭಾರ ಇದ್ದಾಗ ಫುಲ್ ಕೊಡೋದನ್ನೇ ಬಿಟ್ಟೆ. ಹೊಗೆ ಕಮ್ಮಿ. ಪ್ಲಗ್ಗು ಈಗ ಕಂದು ಬಣ್ಣಕ್ಕೆ ಬಂದಿದೆ.

ನಾಲ್ಕು, ನಷ್ಟವೂ ಇದೆ. ಒಬ್ಬನೇ ಹೋಗುವಾಗ ಎಂಟು ಪಿಚ್ಚಿನಲ್ಲಿ 5600 ಹೋಗುತ್ತೆ, ಅದು ಪುಸ್ತಕದ ಮೇಲಿನ ಗೆರೆ ದಾಟಿತು. ಬರೀ ದೋಣಿಯಲ್ಲಿ ಕೈಹಿಡಿ ಪೂರ್ತಿ ತಿರುಗಿಸಬಾರದು, ಸ್ವಲ್ಪ ಹಿಂದಕ್ಕೆ ಹಿಡೀಬೇಕು. ಮಗನಿಗೆ ಇದೇ ಬೇಜಾರು. "ಕುದುರೆ ಇತ್ತು, ಎಮ್ಮೆ ಮಾಡ್ದೆ" ಅಂತಾನೆ. ಎಮ್ಮೆಯೇ ಸರಿ, ಗದ್ದೆ ಹೂಡೋಕೆ ಕುದುರೆ ಕಟ್ಟೋರು ಯಾರಿದ್ದಾರೆ ಅಂತ ನಾನಂದೆ.

ನಡುವಿನ ಒಂಬತ್ತು ಯಾಕೆ ಬೇಡ ಅಂತ ಭಾವ ಕೇಳಿದ್ರು. ಅದು ಎರಡಕ್ಕೂ ಸುಮಾರಾಗಿ ಹೊಂದುತ್ತೆ. ನಮ್ಮ ಹಾಗೆ ಐದು ಜನ, ನಾಲ್ಕು ಚೀಲ ಹೇರದವರಿಗೆ, ಅಂದ್ರೆ ಇಬ್ಬರು ಮೂವರು ಮತ್ತು ಹಾಲಿನ ಕ್ಯಾನು ಅಷ್ಟೇ ಇದ್ದವರಿಗೆ, ಬಹುಶಃ ಒಂಬತ್ತೇ ಸರಿ. ನನ್ನ ಭಾರಕ್ಕೆ 4350 ಬಂತು, ಇನ್ನೂ ಗೆರೆ ಕೆಳಗೇ. ಯಾವ ಕಡೆ ತಪ್ಪಿದ್ರೆ ಪರವಾಗಿಲ್ಲ ಅಂತ ಯೋಚನೆ ಮಾಡಿ. ಪಿಚ್ ಕಮ್ಮಿ ಆದ್ರೆ ನನ್ನ ಕೈ ಹಿಂದಕ್ಕೆ ಹಿಡಿದ್ರೆ ಆಯ್ತು. ಪಿಚ್ ಜಾಸ್ತಿ ಆದ್ರೆ ನಡುನೀರಿನಲ್ಲಿ ನಾನು ಮಾಡೋಕೆ ಏನೂ ಇಲ್ಲ.

ಒಂದು ಇಂಚು ಪಿಚ್ ಇಳಿಸಿದ್ರೆ 150ರಿಂದ 200 ಆರ್‌ಪಿಎಂ ಏರುತ್ತೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದು ದೊಡ್ಡ ಮೋಟರಿನ ಲೆಕ್ಕ. ನಮ್ಮ ಸಣ್ಣ ಫ್ಯಾನಿನಲ್ಲಿ ಇಡೀ ಪಿಚ್ಚೇ ಎಂಟು ಒಂಬತ್ತು ಇಂಚು, ಅದರಲ್ಲಿ ಒಂದು ಇಂಚು ಅಂದ್ರೆ ದೊಡ್ಡ ಪಾಲು. ನನಗೆ ಇಂಚಿಗೆ 300 ಸಿಕ್ಕಿತು. ಮೀಟರಿನಲ್ಲಿ ಎಷ್ಟು ಕೊರತೆ ಇದೆ ನೋಡಿಕೊಂಡು ಈ ಲೆಕ್ಕದಲ್ಲಿ ಎಷ್ಟು ಇಂಚು ಇಳಿಯಬೇಕು ಅಂತ ಅಂದಾಜು ಮಾಡಬಹುದು.

ಫ್ಯಾನು ಬದಲಾಯಿಸೋ ಮೊದಲು ನೋಡಬೇಕಾದ ಕೆಲವು ಸಂಗತಿ ಇವೆ. ಇಲ್ಲಾಂದ್ರೆ ಬೇರೆ ರೋಗಕ್ಕೆ ಪಿಚ್ಚಿನ ಮದ್ದು ಕೊಟ್ಟ ಹಾಗಾಗುತ್ತೆ.

ಮೋಟರು ಕೂರಿಸಿದ ಎತ್ತರ: ಫ್ಯಾನಿನ ಮೇಲೆ ಅಡ್ಡಡ್ಡ ಒಂದು ತಟ್ಟೆ ಇರುತ್ತಲ್ಲ, ಅದು ದೋಣಿ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗೆ ಇರಬೇಕು. ಮೇಲಿದ್ರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ಮನೆ ಸುತ್ತುತ್ತೆ. ಬಹಳ ಕೆಳಗಿದ್ರೆ ಎಳೆತ ವ್ಯರ್ಥ, ಬೊಡ್ಡೆಗೆ ತಾಗೋದೂ ಬೇಗ. ನನ್ನದು ಎರಡು ಇಂಚು ಕೆಳಗಿತ್ತು, ಹಲಗೆ ತುಂಡು ಇಟ್ಟು ಎತ್ತರಿಸಿದೆ. ಮೇಲಿನ ಅಂಕಿಗಳೆಲ್ಲ ಎತ್ತರಿಸಿದ ಮೇಲಿನವು.

ರಬ್ಬರ್ ಬುಷ್: ಫ್ಯಾನಿನ ಹೊಟ್ಟೆಯೊಳಗೆ ರಬ್ಬರ್ ಇರುತ್ತೆ, ಏಟು ಬಿದ್ದಾಗ ಗೇರು ಉಳಿಯಲಿ ಅಂತ. ಅದು ಹಳತಾಗಿ ಜಾರಿದ್ರೆ ಇಂಜಿನ್ ಏರುತ್ತೆ, ದೋಣಿ ಹೋಗಲ್ಲ. ಪಿಚ್ ಜಾಸ್ತಿ ಆದಾಗಿನ ಲಕ್ಷಣಕ್ಕೆ ಇದು ಪೂರ್ತಿ ಉಲ್ಟಾ. ಪರೀಕ್ಷೆ ಸುಲಭ: ಒಳಗಿನ ಬುಷ್ಷಿನಿಂದ ಹೊರಗಿನ ಫ್ಯಾನಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೀರಿ. ಒಂದು ಟ್ರಿಪ್ ಆದ ಮೇಲೆ ಗೆರೆ ತುಂಡಾಗಿ ಅತ್ತಿತ್ತ ಹೋಗಿದ್ರೆ ಬುಷ್ ಜಾರಿದೆ ಅಂತ.

ಎಲೆಯ ಅಂಚು: ಬೊಡ್ಡೆಗೆ ತಾಗಿ ಮಡಚಿದ್ರೆ, ತುದಿ ಹಾರಿದ್ರೆ ಅಂಕಿ ಯಾವುದೂ ನಂಬೋ ಹಾಗಿಲ್ಲ. ಅಂದ ಹಾಗೆ, ನಮ್ಮ ನೀರಿಗೆ ಅಲ್ಯುಮಿನಿಯಂ ಫ್ಯಾನೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಸ್ಟೀಲಿನದ್ದು ಗಟ್ಟಿ ನಿಜ, ಆದ್ರೆ ಬೊಡ್ಡೆಗೆ ಬಡಿದಾಗ ಅದು ಬಗ್ಗದೆ ಏಟನ್ನ ಗೇರಿಗೆ, ಶಾಫ್ಟಿಗೆ ದಾಟಿಸುತ್ತೆ. ಫ್ಯಾನು ಹೋದ್ರೆ ಫ್ಯಾನು ತರಬಹುದು.

ದೋಣಿ ತಳ: ಪಾಚಿ, ಒಳಗೆ ನಿಂತ ನೀರು. ಎರಡು ಕೊಡ ನೀರು ಒಳಗಿದ್ರೆ ಅರ್ಧ ಚೀಲ ಗೊಬ್ಬರ ಸುಮ್ಮನೆ ಹೇರಿದ ಹಾಗೆ.

ಇದೆಲ್ಲ ಸರಿ ಇದ್ದೂ ಆರ್‌ಪಿಎಂ ಬರ್ತಿಲ್ಲ ಅಂದ್ರೆ ಮಾತ್ರ ಪಿಚ್.

ಫ್ಯಾನು ಬದಲಾಯಿಸೋ ಕೆಲಸ ದೊಡ್ಡದಲ್ಲ. ಮೊದಲು ಪ್ಲಗ್ ವೈರ್ ಕಿತ್ತಿಡಿ, ಕೈಯಿಂದ ತಿರುಗಿಸುವಾಗ ಸ್ಟಾರ್ಟ್ ಆದ್ರೆ ಬೆರಳು ಹೋಗುತ್ತೆ. ಕಾಟರ್ ಪಿನ್ ತೆಗೆದು, ನಟ್ಟು ಬಿಚ್ಚಿ, ವಾಷರುಗಳು ಯಾವ ಕ್ರಮದಲ್ಲಿದ್ವು ಅಂತ ಮೊಬೈಲಿನಲ್ಲಿ ಫೋಟೋ ಹೊಡ್ಕೊಳ್ಳಿ. ಶಾಫ್ಟಿಗೆ ಗ್ರೀಸ್ ಹಚ್ಚಿ ಹೊಸದು ಹಾಕಿ. ಹಳೇ ಕಾಟರ್ ಪಿನ್ ಮತ್ತೆ ಬಗ್ಗಿಸಿ ಹಾಕಬೇಡಿ, ಹೊಸದೇ ಹಾಕಿ. ತಗೊಳ್ಳುವಾಗ ನಿಮ್ಮ ಮೋಟರಿನ ಶಾಫ್ಟಿನ ಹಲ್ಲು ಎಷ್ಟು ಅಂತ ನೋಡಿ. ಪಿಚ್ ಸರಿ ಇದ್ದು ಹಲ್ಲು ಬೇರೆ ಇದ್ರೆ ಕೂರಲ್ಲ.

ಹಳೇ ಹತ್ತೂವರೆ ಫ್ಯಾನನ್ನ ಮಾರಲಿಲ್ಲ. ಒಂದು ಸ್ಪ್ಯಾನರ್, ಎರಡು ಕಾಟರ್ ಪಿನ್, ಒಂದು ನಟ್ಟು ಜೊತೆಗೆ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಟ್ಟಿದ್ದೇನೆ. ಬೊಡ್ಡೆಗೆ ತಾಗಿ ಒಂದು ಮುರಿದ್ರೆ ಇನ್ನೊಂದರಲ್ಲಿ ನಿಧಾನವಾಗಿ ದಡ ಸೇರಬಹುದು. ಲೈಫ್ ಜಾಕೆಟ್ ಎರಡಿದ್ದದ್ದು ಈಗ ಆರು. ಸುಣ್ಣ ಇನ್ನು ದೋಣಿಯಲ್ಲಿ ಬರೋದು ಮುಚ್ಚಳ ಇರೋ ಡ್ರಮ್ಮಿನಲ್ಲಿ ಮಾತ್ರ. ಪಿಚ್ ಎಷ್ಟೇ ಸರಿ ಇರಲಿ, ಇವು ಮೂರು ಮೊದಲೇ ಇರಬೇಕಿತ್ತು. ಅದು ನನ್ನದೇ ತಪ್ಪು, ಫ್ಯಾನಿನದ್ದಲ್ಲ.

ಈ ವರ್ಷ ಮೊದಲನೇ ಔಷಧಿಗೆ ಅದೇ ಮೂವರು ಕೊನೆಗೌಡರನ್ನ ಕರೆದೆ. ಈಜು ಬಾರದವರು ದಡದಲ್ಲೇ ನಿಂತು ದೋಣಿಯನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿದ್ರು. ಜಾಕೆಟ್ ಕೊಟ್ಟೆ, ಹಾಕ್ಕೊಂಡ್ರು, ಆದ್ರೆ ಹತ್ತಲಿಲ್ಲ. ಭಾರ ಅಷ್ಟನ್ನೂ ಹೇರಿ ನಾನೂ ಭಾವನೂ ಅವರ ಕಣ್ಣೆದುರಿಗೇ ಒಂದು ಸುತ್ತು ಹೊಡೆದು ಬಂದ್ವಿ. ಆಮೇಲೆ ಹತ್ತಿ ನಡುವಿನ ಹಲಗೆ ಮೇಲೆ ಕೂತ್ರು. ಗಾಳಿ ಅವತ್ತೂ ಇತ್ತು, ಅಷ್ಟೊಂದಲ್ಲ. ಇಪ್ಪತ್ತು ನಿಮಿಷಕ್ಕೆ ಈ ದಡ. ಇಳಿದವರು ಪಂಪು ಹೆಗಲಿಗೆ ಹಾಕ್ಕೊಂಡು "ಸಂಜಿಗೆ ಎಷ್ಟೊತ್ತಿಗೆ ಬಿಡ್ತ್ರಿ?" ಅಂತ ಕೇಳಿದ್ರು. ನನಗೆ ಅಷ್ಟು ಸಾಕಿತ್ತು.

ಆರ್‌ಪಿಎಂ ಮೀಟರು ನಮ್ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಹಿನ್ನೀರಿನ ಈ ಕಡೆಯವರು ಯಾರಿಗಾದ್ರೂ ಬೇಕಿದ್ರೆ ಬಂದು ತಗೊಂಡು ಹೋಗಿ, ಅಳೆದು ವಾಪಸ್ ಕೊಡಿ. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ನೋಡಿ ಸೆಟ್ಟಿಂಗ್ ಮಾಡ್ಕೊಳ್ಳಿ, ನನ್ನ ಹಾಗೆ ವಿಮಾನ ಓಡಿಸಬೇಡಿ. ಅಳೆದವರು ದೋಣಿ ಎಷ್ಟು ಅಡಿ, ಮೋಟರು ಎಷ್ಟು ಎಚ್‌ಪಿ, ಭಾರ ಎಷ್ಟು, ಫ್ಯಾನಿನ ಮೇಲಿನ ಎರಡು ಅಂಕಿ ಎಷ್ಟು, ಆರ್‌ಪಿಎಂ ಎಷ್ಟು ಬಂತು, ಇಷ್ಟನ್ನ ಇಲ್ಲೇ ಕೆಳಗೆ ಬರೆದು ಹಾಕಿ. ಹತ್ತು ದೋಣಿಯ ಲೆಕ್ಕ ಒಟ್ಟಿಗೆ ಸಿಕ್ಕಿದ್ರೆ ಹನ್ನೊಂದನೆಯವರು ಮೋಟರು ತರುವ ಮೊದಲೇ ಯಾವ ಫ್ಯಾನು ಅಂತ ತೀರ್ಮಾನ ಮಾಡಬಹುದು.

ಮೀಟರು ಇಲ್ಲದಿದ್ರೂ ಪರವಾಗಿಲ್ಲ, ಈ ಸಂಜೆ ದಡಕ್ಕೆ ಹೋದಾಗ ಮೋಟರು ಎತ್ತಿ ಫ್ಯಾನಿನ ಮೇಲಿನ ಅಂಕಿ ಒಂದು ಓದಿ ಬನ್ನಿ.